ಎರಡೂ ಕಡೆ ಓಡುವ ಗಾಡಿಗೆ ಮುಂದಿನ ನಂಬರು

ನೂಲಿನವರ ಓಣಿ, ಹಳೇ ಹುಬ್ಬಳ್ಳಿ
ಬಿಸಿಲ್ಮಾಸದ ಮೂವತ್ತೆಂಟನೆಯ ತಾರೀಖು, ೨೧೯೩

ಡಿಯರ್ ಸರ್ ಆರ್ ಮೇಡಂ,

ತಾರೀಖು ನೋಡಿ ಗಾಬರಿಯಾಗಬೇಡಿ, ಕೈತಪ್ಪಿ ಬರೆದದ್ದಲ್ಲ. ನಿಮ್ಮ ಏಪ್ರಿಲ್ ಮತ್ತು ಮೇ ಎರಡನ್ನೂ ಕೂಡಿಸಿ ನಾವು ಬಿಸಿಲ್ಮಾಸ ಎಂದು ಒಂದೇ ತಿಂಗಳು ಮಾಡಿಕೊಂಡಿದ್ದೇವೆ. ಎರಡರ ನಡುವೆ ಫರಕು ಹುಡುಕುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಈ ಪತ್ರದಲ್ಲಿ ನಿಮಗೆ ವಿಚಿತ್ರವೆನಿಸುವ ಶಬ್ದಗಳು ಬರುತ್ತವೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ನಿಮಗೆ ಅನುಕೂಲವಾಗಲೆಂದು ಕಾಲೇಜಿನಲ್ಲಿ ಎರಡು ವರ್ಷ ಓದಿದ ಹಳೆಗಾಲದ ಇಂಗ್ಲಿಷನ್ನು ಅಲ್ಲಲ್ಲಿ ಸೇರಿಸಬೇಕೆಂದಿದ್ದೇನೆ. ಅದರಲ್ಲಿ ಅರ್ಧ ಮರೆತಿದೆ, ಉಳಿದರ್ಧ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು. ಅರ್ಜಿಯನ್ನು ‘ಐ ಬೆಗ್ ಟು ಸ್ಟೇಟ್’ ಎಂದೇ ಶುರು ಮಾಡಬೇಕೆಂದು ನಮ್ಮ ಪ್ರೊಫೆಸರರು ಹೇಳುತ್ತಿದ್ದರು. ಹೇಳುವುದಿದ್ದರೆ ಹೇಳಬಹುದು, ನಡುವೆ ಬೇಡುವುದೇಕೆ ಎಂದು ನನಗೆ ಆಗಲೇ ಅನಿಸಿತ್ತು. ಈಗಂತೂ ಬೇಡುವ ವಯಸ್ಸೂ ಅಲ್ಲ, ಮನಸ್ಸೂ ಇಲ್ಲ. ನೇರವಾಗಿ ಹೇಳುತ್ತೇನೆ.

ನಮ್ಮಲ್ಲಿ ಎಪ್ಪತ್ತು ದಾಟಿದವರಿಗೆ ಸರಕಾರ ಒಂದು ಹಿನ್ನಂಚೆ ಕೊಡುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು. ವಸ್ತು ಹೋಗುವುದಿಲ್ಲ, ಮನುಷ್ಯ ಹೋಗುವುದಿಲ್ಲ, ಮಾತು ಮಾತ್ರ ಹೋಗುತ್ತದೆ, ಅದೂ ಜೀವಮಾನದಲ್ಲಿ ಒಂದೇ ಸಲ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬರೆದು, ಬಾವಿ ಯಾಕೆ ಮುಚ್ಚಿಸಿದೆ ಎಂದು ಬೈಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನೀವು ಯಾರೋ ಗೊತ್ತಿಲ್ಲ. ಹೊಸ ಕಾರು ಕೊಂಡು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಷೋರೂಮಿನವರು ಕೊಟ್ಟ ಚೀಟಿಯಲ್ಲಿ ಜೀವಮಾನದ ತೆರಿಗೆ, ನೋಂದಣಿ, ವಿಮೆ, ಫಲಕ ಎಂದು ಸಾಲಾಗಿ ಇಳಿದಿರುವುದನ್ನು ನೋಡುತ್ತ ನಿಂತಿರುವ ಯಾರಾದರೊಬ್ಬರು. ಮುಂದಿನ ನಂಬರ್ ಪ್ಲೇಟು ಗಾಡಿಯ ಚಂದ ಕೆಡಿಸುತ್ತದಲ್ಲ ಎಂದು ನಿಮಗೆ ಒಂದು ಕ್ಷಣ ಅನಿಸಿದ್ದರೆ, ಈ ಪತ್ರ ನಿಮಗೇ.

ನಾನು ಶಿವಯೋಗಪ್ಪ ಬೆಳವಟಗಿ. ನೀರಿನ ಮೀಟರು ಓದುವ ಕೆಲಸದಿಂದ ನಿವೃತ್ತನಾದವನು. ಹೆಂಡತಿ ನೀಲಗಂಗಾ ತೀರಿಕೊಂಡು ಮೂರು ವರ್ಷವಾಯಿತು. ನಮ್ಮ ಓಣಿಯ ಗಾಡಿ ಓಡಿಸುತ್ತಿದ್ದವಳು ಆಕೆ. ಓಣಿಗಾಡಿ ಎಂದರೆ, ಮನೆಗೊಂದು ಕಾರು ಎಂಬ ನಿಮ್ಮ ಪದ್ಧತಿ ನಿಂತ ಮೇಲೆ ಓಣಿಗೊಂದರಂತೆ ಉಳಿದ ಕಾರು. ಆಸ್ಪತ್ರೆ, ಪೇಟೆ, ಶಾಲೆ, ಸ್ಮಶಾನ ಎಲ್ಲಕ್ಕೂ ಅದೇ. ಉಳ್ಳವರಿಗೆ ಸ್ವಂತ ಗಾಡಿಗಳು ಈಗಲೂ ಇವೆ. ಆದರೆ ಬಿಸಿಲು ತಡೆಯಲೆಂದು ಎಲ್ಲ ಗಾಡಿಗಳೂ ಬಿಳಿ ಬಣ್ಣದ್ದೇ ಇರಬೇಕು, ಗಾಜಿಗೆ ಬಿಳಿ ಲೇಪ ಇರಬೇಕು. ಒಳಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಎದುರಿನಿಂದ ಹತ್ತು ಗಾಡಿ ಬಂದರೆ ಹತ್ತೂ ಒಂದೇ ತಾಯಿಯ ಮಕ್ಕಳ ಹಾಗೆ. ಮಧ್ಯಾಹ್ನ ಸುದ್ದಿಗಂಬಗಳು ಬಿಸಿಗೆ ಮಲಗಿಬಿಡುವುದರಿಂದ ನಿಮ್ಮ ಹಾಗೆ ಫೋನು ಮಾಡಿ ಕರೆಯುವಂತೆಯೂ ಇಲ್ಲ. ಜನ ರಸ್ತೆಬದಿಯ ನೆರಳುಗೂಡಿನಲ್ಲಿ, ಅಂದರೆ ಮೂರು ಕಡೆ ಗೋಡೆ ಇರುವ ತಣ್ಣನೆಯ ಗೂಡಿನಲ್ಲಿ, ಕೂತಿರುತ್ತಾರೆ. ದೂರದಿಂದ ತಮ್ಮ ಓಣಿಯ ನಂಬರು ಕಂಡರೆ ಹೊರಗೆ ಬಂದು ಕೈ ಎತ್ತುತ್ತಾರೆ. ತಪ್ಪು ಗಾಡಿಗೆ ಕೈ ಎತ್ತಿ ನಿಲ್ಲಿಸಿದರೆ ದಂಡ ಬೀಳುತ್ತದೆ. ಹಾಗಾಗಿ ಖಾತ್ರಿಯಾಗದೆ ಯಾರೂ ಬಿಸಿಲಿಗೆ ಕಾಲಿಡುವುದಿಲ್ಲ. ಹಿಂದಿನ ಫಲಕ ಓದಿ ಖಾತ್ರಿ ಮಾಡಿಕೊಳ್ಳಬಹುದು, ಆದರೆ ಅಷ್ಟರಲ್ಲಿ ಗಾಡಿ ಹೋಗಿರುತ್ತದೆ. “ಮಾರಿ ತೋರಿಸಲಾರದ ಗಾಡಿ ಯಾರದರಿ? ಯಾರದೂ ಅಲ್ಲ,” ಎಂದು ನೀಲಗಂಗಾ ದಿನಾ ಮುಂಜಾನೆ ಮುಂಫಲಕವನ್ನು ಸೆರಗಿನಿಂದ ಒರೆಸುತ್ತಿದ್ದಳು.

ಆಕೆಯ ಗಾಡಿ ಹಳತಾಗಿತ್ತು, ಕಳೆದ ವರ್ಷ ಕಾಯ್ದೆಯ ಪ್ರಕಾರ ಗುಜರಿಗೆ ಹೋಯಿತು. ಈಗ ಸರಕಾರಿ ಅಂಗಳದಲ್ಲಿ ಸಿಗುವುದು ಒಂದೇ ಜಾತಿಯ ಗಾಡಿ. ಅದಕ್ಕೆ ಹಿಂದು ಮುಂದು ಇಲ್ಲ. ಎರಡೂ ತುದಿ ಒಂದೇ ಥರ. ನಡುವೆ ಕೂತ ಚಾಲಕ ಕುರ್ಚಿ ತಿರುಗಿಸಿಕೊಂಡರೆ ಹಿಂದಿದ್ದದ್ದು ಮುಂದಾಗುತ್ತದೆ. ಓಣಿಯವರೆಲ್ಲ ತಮ್ಮ ತಮ್ಮ ಕೈದಿನ ಕೂಡಿಸಿ ಅದನ್ನು ಕೊಂಡರು. ಕೈದಿನವೆಂದರೆ ಒಬ್ಬ ಮನುಷ್ಯ ಒಂದು ಮುಂಜಾನೆ ಊರಿಗಾಗಿ ಮಾಡುವ ಕೆಲಸ. ನಿಮ್ಮ ರೂಪಾಯಿಯ ಜಾಗದಲ್ಲಿ ನಮ್ಮಲ್ಲಿ ತೆರಿಗೆಗಳೆಲ್ಲ ಅದರಲ್ಲೇ ನಡೆಯುತ್ತವೆ. ಕೊಳ್ಳುವುದರಲ್ಲೇ ಎಲ್ಲರ ಪಾಲೂ ಮುಗಿಯಿತು. ನೋಂದಣಿಯ ಭಾರ ಹೊರಲು ಕೈದಿನ ಖರ್ಚಾಗದೆ ಉಳಿದವನು ನಾನೊಬ್ಬನೇ. ನೀಲಗಂಗಾ ಹೋದ ಮೇಲೆ ನಾನು ಯಾವುದಕ್ಕೂ ಕೈ ಹಾಕಿರಲಿಲ್ಲ. ಹೊಸ ಗಾಡಿ ಓಡಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ನೋಂದಣಿಯ ವೆಚ್ಚ ಹೀಗಿದೆ. ಹಿಂದಿನ ಚಿಕ್ಕ ಫಲಕಕ್ಕೂ ರಸ್ತೆಯ ಪಾಲಿಗೂ ಸೇರಿ ಆರು ಕೈದಿನ. ಆ ಫಲಕದ ಸಣ್ಣ ಅಕ್ಷರವನ್ನು ತೀರಾ ಹತ್ತಿರ ನಿಂತವರು ಇಲ್ಲವೆ ಯಂತ್ರಗಳಷ್ಟೇ ಓದಬೇಕು. ದೂರದಿಂದ ಮನುಷ್ಯರು ಓದಬಲ್ಲ ಮುಂಫಲಕ ಬೇಕಾದರೆ ಇನ್ನೂ ನಲವತ್ತು. ಮುಂಫಲಕ ಗಾಡಿಗೆ ಗಾಳಿಯಾಡುವುದನ್ನು ತಡೆಯುತ್ತದೆ, ಗಾಡಿ ಕಾಯುತ್ತದೆ, ಹಾಕಿಸದಿದ್ದರೇ ಒಳ್ಳೆಯದು ಎಂಬುದು ಇಲಾಖೆಯ ವಾದ. ಎಪ್ಪತ್ತು ದಾಟಿದವರಿಂದ ವರ್ಷಕ್ಕೆ ಐವತ್ತಕ್ಕಿಂತ ಹೆಚ್ಚು ಕೈದಿನ ತೆಗೆದುಕೊಳ್ಳುವಂತಿಲ್ಲ ಎಂಬ ಇನ್ನೊಂದು ಕಾಯ್ದೆಯೂ ಇದೆ. ಆರು ಮತ್ತು ನಲವತ್ತು, ನಲವತ್ತಾರು, ನನಗೆ ಸರಿಹೋಗುತ್ತದೆ ಎಂದುಕೊಂಡು ದಾರಿಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಸೌದಾಮಿನಿ ಎಂಬ ಹುಡುಗಿ, ಮಾತಿನಲ್ಲಿ ಮರ್ಯಾದೆಯುಳ್ಳವಳು. ಗಾಡಿಯನ್ನು ಒಂದು ಸುತ್ತು ಬಂದಳು.

“ಅಜ್ಜಾರ, ಇದಕ್ಕ ಮುಂದ ಯಾವ್ದರಿ?”

“ಹೋಗೂ ಕಡೆ ಮುಂದವಾ.”

“ಬರೂಮುಂದ?”

“ಬರೂ ಕಡೆ.”

“ಅಂದ್ರ ಎರಡೂ ಮುಂದ ಆತು. ಎರಡು ಮುಂಫಲಕ, ಎಂಬತ್ತು ಕೈದಿನ. ನಿಮ್ಮ ವಯಸ್ಸಿಗೆ ಅಷ್ಟು ತಗೊಳ್ಳಾಕ ಬರೂದಿಲ್ಲ. ಮುಂಫಲಕ ಬ್ಯಾಡ ಅಂತ ಬರಸ್ರಿ, ಆರರಾಗ ಮುಗೀತೈತಿ. ಎಲ್ಲಾರೂ ಹಂಗ ಮಾಡ್ತಾರ.”

“ಎಲ್ಲಾರೂ ಮಾಡ್ತಾರ ಅಂತನ ನಾ ಬಂದೇನಿ. ಬ್ಯಾರೆ ದಾರಿ ಹೇಳವಾ.”

ಆಕೆ ನಿಟ್ಟುಸಿರು ಬಿಟ್ಟು ಕಾಯ್ದೆ ತೆಗೆದಳು. ದಾರಿ ಇತ್ತು. ಗಾಡಿ ಯಾವಾಗಲೂ ಒಂದೇ ತುದಿ ಮುಂದಾಗಿ ಓಡುತ್ತದೆ ಎಂದು ತೋರಿಸಿದರೆ ಅದು ಒಂದು ಮುಖದ ಗಾಡಿ. ಆದರೆ ಅದಕ್ಕೆ ನಿಲ್ದಾಣದಲ್ಲಿ ತಿರುಗಲು ಜಾಗ ಇರಬೇಕು. ತಿರುಗಲಾರದೆ ಓಣಿಯುದ್ದಕ್ಕೂ ಹಿಂದೆ ಹಿಂದೆ ಬಂದರೆ ಮತ್ತೆ ಎರಡು ಮುಖವೇ. ತಪಾಸಣೆಗೆ ಒಂದು ತಿಂಗಳ ಗಡುವು ಕೊಟ್ಟಳು, ಅಲ್ಲಿಯ ತನಕ ಹಾಕಿಕೊಳ್ಳಲು ಒಂದು ಎರವಲು ಮುಂಫಲಕವನ್ನೂ ಕೊಟ್ಟಳು. ತಪಾಸಣೆಯಲ್ಲಿ ಸೋತರೆ ಗಾಡಿ ನಂಬರಿಲ್ಲದ ಮುಖದಿಂದಲೇ ಓಡಬೇಕು.

ನಮ್ಮ ಓಣಿ ಒಂದು ಕಡೆ ಮುಚ್ಚಿದ್ದು. ಗಾಡಿ ನಿಲ್ಲುವುದು ಆ ಮುಚ್ಚಿದ ತುದಿಯ ಬೇವಿನ ಕೆಳಗೆ, ಯಾಕೆಂದರೆ ನೆರಳಿಲ್ಲದ ಕಡೆ ಗಾಡಿ ನಿಲ್ಲಿಸುವುದು ಅಪರಾಧ. ಅಲ್ಲಿ ತಿರುಗಲು ಅಡ್ಡವಿದ್ದದ್ದು ಮೈಮುನಬಿಯ ಮನೆಯ ಕಟ್ಟೆ. ಮೈಮುನಬಿ ಶಾವಿಗೆ ಮಾಡಿ ಮಾರುವವಳು. ಆ ಕಟ್ಟೆಯ ಮೇಲೆಯೇ ಹೊಸೆಯುತ್ತಾಳೆ, ಅಲ್ಲಿಯೇ ಒಣಗಿಸುತ್ತಾಳೆ, ಅಲ್ಲಿಯೇ ಕೂತು ಓಣಿಯ ನ್ಯಾಯವನ್ನೂ ಮಾಡುತ್ತಾಳೆ. ನಾನು ಹೋಗಿ ವಿಷಯ ಹೇಳಿದೆ.

“ಕಟ್ಟಿ ಒಡೀಬೇಕಂತ? ನಿಮ್ಮ ಗಾಡಿಗೆ ಮಾರಿ ಬರ್ಲಿ ಅಂತ ನನ್ನ ಮನೀ ಮಾರಿ ಕೆಡಸ್ತೀರೇನ್ರಿ ಶಿವಯೋಗಣ್ಣ?”

“ಪೂರಾ ಅಲ್ಲ ಮೈಮುನಕ್ಕ, ಒಂದು ಮೂಲಿ.”

“ಆ ಮೂಲಿಯಾಗ ನನ್ನ ಶಾವಗಿ ಮಣಿ ಐತಿ. ಎಂಬತ್ತು ದಿನ ದುಡೀರಿ, ಮೈ ಬಗ್ಗಲಿ.”

“ಕಾಯ್ದೆ ಬಿಡೂದಿಲ್ಲ.”

“ಮೈಮುನಾನೂ ಬಿಡೂದಿಲ್ಲ ಅಂತ ಕಾಯ್ದೆಗೆ ಹೇಳ್ರಿ ಹೋಗ್ರಿ.”

ಆಕೆಯದು ತಪ್ಪೆಂದು ನಾನು ಹೇಳಲಾರೆ. ನಿಮ್ಮ ಕಾಲದಲ್ಲಿ ಕಾರಿನ ಖರ್ಚು ಕಾರು ಕೊಂಡವನ ಕಿಸೆಯಿಂದ ಹೋಗುತ್ತದೆ ಎಂದು ನೀವು ತಿಳಿದಿದ್ದೀರಿ. ಹಾಗಿಲ್ಲ. ಅದಕ್ಕೆ ಜಾಗ ಬಿಟ್ಟುಕೊಡುವವರು ಯಾವಾಗಲೂ ಬೇರೆ ಯಾರೋ ಇರುತ್ತಾರೆ, ಅವರ ಹೆಸರು ಯಾವ ಚೀಟಿಯಲ್ಲೂ ಬರುವುದಿಲ್ಲ. ನಾನು ದಿನಾ ಹೋಗಿ ಕೇಳಿದೆ, ಆಕೆ ದಿನಾ ಬೈದಳು. ಬೈಯುವಾಗ ಕುಡಿಯಲು ಪಾನಕ ಕೊಡುವುದನ್ನು ಮಾತ್ರ ಮರೆಯಲಿಲ್ಲ.

ಎರವಲು ಫಲಕವನ್ನು ನಾನು ಓಣಿಯ ಬಾಯಿಯ ಕಡೆಗಿರುವ ತುದಿಗೆ ಬಿಗಿದಿದ್ದೆ. ಓಣಿಯಿಂದ ಹೊರಡುವಾಗ ನಂಬರು ಮುಂದೆ ಇರುತ್ತಿತ್ತು. ವಾಪಸು ಬರುವಾಗ ಕುರ್ಚಿ ತಿರುಗಿಸಿಕೊಂಡು ಬರುತ್ತಿದ್ದೆ, ನಂಬರು ಹಿಂದೆ ಬೀಳುತ್ತಿತ್ತು. ಇನ್ನೇನು ಮಾಡುವುದು, ಒಳಗೆ ತಿರುಗಲು ಜಾಗವಿಲ್ಲ. ಹಾಗೆ ನಡೆಯುತ್ತಿರುವಾಗ ಒಂದು ದಿನ ಮೈಮುನಬಿಯ ಸೊಸೆ ಜರೀನಾಳನ್ನು ಆಸ್ಪತ್ರೆಗೆ ಬಿಟ್ಟು ಬಂದೆ. ಆಕೆಗೆ ಏಳು ತಿಂಗಳು. ಮಧ್ಯಾಹ್ನ ಇನ್ನೊಂದು ಬಾಡಿಗೆ ಮುಗಿಸಿ ಆ ದಾರಿಯಲ್ಲೇ ಓಣಿಗೆ ಬಂದೆ. ಔಷಧಿ ಅಂಗಡಿಯ ಎದುರಿನ ನೆರಳುಗೂಡಿನಲ್ಲಿ ಜರೀನಾ ಕೂತಿದ್ದಳಂತೆ. ಬಿಳಿ ಗಾಡಿಯೊಂದು ಬಂತು, ಮುಖ ಬೋಳು, ಯಾರದೋ ಎಂದು ಸುಮ್ಮನಾದಳು. ಅದು ದಾಟಿದ ಮೇಲೆ ಬೆನ್ನಿನ ಮೇಲೆ ನಮ್ಮ ಓಣಿಯ ನಂಬರು ಕಂಡಿತು. ಎದ್ದು ಕೂಗುತ್ತ ಓಡಿದಳು. ಗೂಡಿನ ಒಳಗೆ ಕೂತವರು ನಮಗೆ ಕಾಣುವುದಿಲ್ಲ, ಹೊರಗೆ ಕೂಗಿದ್ದು ಮುಚ್ಚಿದ ಗಾಡಿಯೊಳಗೆ ಕೇಳುವುದಿಲ್ಲ. ಆಕೆ ಸುಡುವ ರಸ್ತೆಯ ಮೇಲೆ ತಲೆ ಸುತ್ತಿ ಬಿದ್ದಳು. ಔಷಧಿ ಅಂಗಡಿಯವರು ಎತ್ತಿಕೊಂಡು ಹೋಗಿ ಮತ್ತೆ ಅದೇ ಆಸ್ಪತ್ರೆಗೆ ಸೇರಿಸಿದರು. ಎರಡೂ ಅಂಗೈ ಸುಟ್ಟಿದ್ದವು. ಸಂಜೆಯ ಹೊತ್ತಿಗೆ ಡಾಕ್ಟರು, ಕೂಸಿನ ಎದೆಬಡಿತ ಸರಿಯಾಗಿದೆ ಎಂದು ಹೇಳಿದ ಮೇಲೆಯೇ ಓಣಿಯಲ್ಲಿ ಒಲೆ ಹೊತ್ತಿದ್ದು.

ಮರುದಿನ ಮುಂಜಾನೆ ಕಲ್ಲಿಗೆ ಕಬ್ಬಿಣ ಬಡಿಯುವ ಸಪ್ಪಳಕ್ಕೆ ಹೊರಗೆ ಬಂದೆ. ಮೈಮುನಬಿ ಹಾರೆ ಹಿಡಿದು ತನ್ನ ಕಟ್ಟೆಯ ಮೂಲೆಯನ್ನು ತಾನೇ ಕೀಳುತ್ತಿದ್ದಳು. ಶಾವಿಗೆ ಮಣೆಯನ್ನು ಬಾಗಿಲಿಗೆ ಒರಗಿಸಿ ಇಟ್ಟಿದ್ದಳು.

“ನಿಂತು ನೋಡ್ತೀರೇನ್ರಿ? ಕಲ್ಲು ಎತ್ತರಿ,” ಎಂದಳು. “ನಿಮ್ಮ ಗಾಡಿಗಲ್ಲ ಇದು, ಹಿಗ್ಗಬ್ಯಾಡ್ರಿ. ನನ್ನ ಸೊಸಿಗೆ.”

“ಯಾರಿಗಾದ್ರೂ ಆಗಲಿ ಅಕ್ಕ.”

“ಆ ಆಫೀಸಿನ ಹುಡಿಗಿನ್ನ ಲಗೂನ ಕರಸ್ರಿ. ನಂಗ ಮನಸ್ಸು ತಿರುಗಿದ್ರ ಕಲ್ಲು ಮತ್ತ ಅಲ್ಲೇ ಕೂಡ್ತಾವ.”

ಸೌದಾಮಿನಿ ಬಂದಳು. ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಮೊದಲ ಸಲ ನಾನು ಬೇವಿಗೆ ತಾಗಿಸಿದೆ. “ಗಿಡಕ್ಕ ನಂಬರು ಬರೀತಾನ ನೋಡ್ರಿ,” ಎಂದು ಯಾರೋ ಹಾಸ್ಯ ಮಾಡಿದರು. ಎರಡನೆಯ ಸಲ ಮೈಮುನಬಿ ಗಾಡಿಯ ಮುಂದೆ ನಿಂತು, “ಇನ್ನಷ್ಟು, ಇನ್ನಷ್ಟು, ಸಾಕು, ಹೊಳ್ಳಸ್ರಿ,” ಎಂದು ಕೈ ತೋರಿಸಿದಳು. ಗಾಡಿ ಗೋಡೆಯಿಂದ ಒಂದು ಗೇಣು ಉಳಿಸಿಕೊಂಡು ಪೂರಾ ಹೊರಳಿ ಓಣಿಯ ಬಾಯಿಗೆ ಮುಖ ಮಾಡಿತು. ಸೌದಾಮಿನಿ ಕಾಗದಕ್ಕೆ ಮುದ್ರೆ ಒತ್ತುತ್ತ, “ಅಜ್ಜಾರ, ಈ ವರ್ಷ ಹುಬ್ಬಳ್ಳಿಯಾಗ ಮುಂಫಲಕ ಕೇಳಿದವರು ನೀವೊಬ್ಬರ,” ಎಂದಳು. ಮುಂದಿನ ವರ್ಷ ಅದನ್ನು ಪಟ್ಟಿಯಿಂದಲೇ ತೆಗೆಯುವ ವಿಚಾರ ಇದೆಯಂತೆ, ಯಾರೂ ಕೇಳುವುದಿಲ್ಲವಲ್ಲ ಎಂದು.

ಈಗ ನಾನು ವಾರಕ್ಕೆರಡು ಮುಂಜಾನೆ ಬಿಸಿಲೇರುವ ಮೊದಲು ಹೆದ್ದಾರಿಯ ಬಿಳಿ ಗೆರೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ನಲವತ್ತಾರರಲ್ಲಿ ಇನ್ನೂ ಬಹಳ ಉಳಿದಿವೆ. ಮಂಡಿ ನೋಯುತ್ತದೆ, ನೋಯಲಿ. ಕೂತು ಬಣ್ಣ ಹಚ್ಚುವಾಗ ಎದುರಿನಿಂದ ಬರುವ ಗಾಡಿಗಳೆಲ್ಲ ಬೋಳು ಮುಖದವು. ಯಾವುದಕ್ಕೂ ಹೆಸರಿಲ್ಲ, ಊರಿಲ್ಲ. ಸರ್ರೆಂದು ದಾಟಿಹೋದ ಮೇಲೆ ಯಾರೆಂದು ಕೇಳಿದರೇನು? ಗಾಡಿಯ ಹಿಂದಿನ ನಂಬರು ಹಿಡಿಯುವವರಿಗೆ, ಮುಂದಿನದು ಕಾಯುವವರಿಗೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ನಾವು ಇಲ್ಲಿಗೆ ಬಂದೆವು. ಇದನ್ನು ಅರ್ಜಿಯಾಗಿ ಬರೆದು ಇಲಾಖೆಗೆ ಕೊಟ್ಟಿದ್ದೇನೆ, ‘ಅಂಡರ್ ಪ್ರೊಟೆಸ್ಟ್’ ಎಂದು ಮೇಲೆ ಬರೆದಿದ್ದೇನೆ, ಆ ಮಾತು ಅಲ್ಲಿಗೆ ಸರಿಹೊಂದುತ್ತದೋ ಇಲ್ಲವೋ ಪ್ರೊಫೆಸರರು ಬದುಕಿದ್ದರೆ ಹೇಳುತ್ತಿದ್ದರು. ತಿಂಗಳಿಗೊಂದು ಕೊಡುತ್ತೇನೆ. ಕೈದಿನಕ್ಕೆ ಮಿತಿ ಇದೆ, ಅರ್ಜಿಗೆ ಮಿತಿ ಇಲ್ಲ. ಓಣಿಯ ಹೆಂಗಸರೂ ರುಜು ಹಾಕುತ್ತಿದ್ದಾರೆ. ಮೈಮುನಬಿ ನನ್ನ ಹೆಸರಿನ ಮೇಲೆ ತನ್ನ ಹೆಸರು ಬರೆಸಿಕೊಂಡಿದ್ದಾಳೆ.

ನಿಮ್ಮಿಂದ ಬೇಕಾದದ್ದು ಇಷ್ಟೇ. ಮುಂದಿನ ಫಲಕ ಬಿಚ್ಚಬೇಡಿ. ಬಿಚ್ಚಿದವರನ್ನು ಕಂಡರೆ ಸುಮ್ಮನಿರಬೇಡಿ. ಚಂದ ಕೆಡುತ್ತದೆ, ಖರ್ಚು ಹೆಚ್ಚು, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ, ಅವರನ್ನು ಒಂದು ಮಧ್ಯಾಹ್ನ ರಸ್ತೆಯ ಬದಿಗೆ ಕರೆದುಕೊಂಡು ಹೋಗಿ, ಬರುವ ಗಾಡಿಗಳಿಗೆ ಮುಖ ಮಾಡಿ ನಿಲ್ಲಿಸಿ. ಅಲ್ಲಿ ನಿಂತ ಮೇಲೂ ಬೇಡವೆಂದರೆ ಆಮೇಲೆ ನೋಡೋಣ.

ನೀವು ಉತ್ತರ ಬರೆದರೂ ನನಗೆ ಮುಟ್ಟುವುದಿಲ್ಲ, ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ. ನಾನೂ ಇಲ್ಲಿಗೆ ನಿಲ್ಲಿಸುತ್ತೇನೆ. ಜರೀನಾಳಿಗೆ ದಿನ ತುಂಬಿವೆ, ಆಸ್ಪತ್ರೆಗೆ ಹೊರಡಬೇಕು. ಹೆರಿಗೆಗೆಂದು ತವರಿಗೆ ಹೋಗಿರುವ ಆಕೆ, ಮನೆ ಬಾಗಿಲಲ್ಲೇ ಗಾಡಿ ಹತ್ತುತ್ತೇನೆ ಎನ್ನಲಿಲ್ಲ. ಅಲ್ಲಿಂದ ಬಂದು, ಔಷಧಿ ಅಂಗಡಿಯೆದುರಿನ ಅದೇ ನೆರಳುಗೂಡಿನಲ್ಲಿ ಕೂತಿರುತ್ತಾಳಂತೆ. ನಂಬರು ಕಂಡರೆ ತಾನೇ ಎದ್ದು ಕೈ ಎತ್ತುತ್ತಾಳಂತೆ.

ಯುವರ್ಸ್ ಫೇತ್‌ಫುಲಿ,
ಶಿವಯೋಗಪ್ಪ ಬೆಳವಟಗಿ