ಅಂಜಿಕೆಯ ತಾಯತ

ಜೂನ್ ೧೪, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಮಗಳು ಶಶಿ ದಿನಾ ಹಾಸಿಗೆಯಲ್ಲೇ ಉಚ್ಚೆ ಮಾಡಿಕೊಳ್ಳುತ್ತಾಳೆಂದು ಅತ್ತೆ ಇವತ್ತು ಅವಳನ್ನು ಕೌಲ್ ಬಜಾರಿಗೆ ಕರೆದೊಯ್ದು ತಾಯತ ಕಟ್ಟಿಸಿಕೊಂಡು ಬಂದರು. "ಹುಣಸಿಗಿಡದ ಕೆಳಗ ಆಡ್ತಾಳ, ಗಾಳಿ ಸೋಕೈತಿ" ಅಂದರು. ಯಾವ ಗಾಳಿ? ಮಗ್ಗಿ ತಪ್ಪಿದರೆ ಬೆಲ್ಟು ಬಿಚ್ಚುವವನು ಅವರದೇ ಮಗ, ನನ್ನ ಗಂಡ. ಸಂಜೆ ಅವನ ಬೈಕಿನ ಸದ್ದು ಕೇಳಿದರೆ ಸಾಕು, ಕೂಸು ಬಾಗಿಲ ಹಿಂದೆ ಸೇರಿಕೊಳ್ಳುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. "ನಾವೂ ಹೊಡ್ತ ತಿಂದೇ ದೊಡ್ಡೋರಾಗೀವಿ" ಅನ್ನುತ್ತಾನೆ. ಎಷ್ಟು ದೊಡ್ಡವನು? ಆರು ವರ್ಷದ ಕೂಸಿಗೆ ಬೆಲ್ಟು ಎತ್ತುವಷ್ಟು.

ಮಲಗುವಾಗ ಶಶಿ ಕೊರಳಿನ ತಾಯತ ತೆಗೆದು ನನ್ನ ಕೈಗಿಟ್ಟಳು.

"ಅವ್ವಾ, ಅಪ್ಪ ಬಂದಾಗ ನೀನೂ ಅಂಜ್ತಿ. ನೀನ ಹಾಕ್ಕೋ."