ಬಿಳಿಯನ್ನು ಮೋಡವೆಂದು ಬರೆದ ದಿನ

ಧೂಳುಮಾಸದ ಮೂವತ್ತೇಳನೆಯ ದಿನ, ೨೨೧೪
ಹೊಸ ಮಾನ್ವಿ

ಉಪಗ್ರಹದ ಚಿತ್ರ ಓದುವುದನ್ನು ಯಂತ್ರಗಳಿಗೆ ಕಲಿಸುತ್ತಿರುವ ಹಿರಿಯರಿಗೆ,

ನಿಮಗಿಂತ ಇನ್ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ; ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವೆನಿಸಿದರೆ ಕ್ಷಮಿಸಿ. ಸಾಹಿತ್ಯ ಓದಿದ ನನಗೆ ಸಿಕ್ಕ ಕೆಲಸ ಹೊಗೆಕಟ್ಟೆಯಲ್ಲಿ. ಊರಿನತ್ತ ತೇಲಿಬರುವ ಹೊಗೆ, ಧೂಳುಗಳನ್ನು ಆಕಾಶದ ಚಿತ್ರಗಳಲ್ಲಿ ಹಿಂಬಾಲಿಸುವ ಕಚೇರಿಗೆ ನಾವಿಟ್ಟ ಹೆಸರು ಅದು. ಬೆಳಿಗ್ಗೆ ಯಂತ್ರ ಕೊಡುವ ನಕ್ಷೆಯನ್ನು ಜನರಿಗೆ ತಿಳಿಯುವಂತೆ ನಾಲ್ಕು ಸಾಲಿನಲ್ಲಿ ಬರೆಯುವುದು ನನ್ನ ಪಾಲು. ನಕ್ಷೆಯಲ್ಲಿ ಕಂದು ಎಂದರೆ ಧೂಳು, ಬೂದು ಎಂದರೆ ಹೊಗೆ. ಎರಡಕ್ಕೂ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟುತ್ತೇವೆ. ಬಿಳಿ ಎಂದರೆ ಮೋಡ. ವರ್ಷಕ್ಕೆರಡು ಸಲ ಬಂದರೆ ಹೆಚ್ಚು. ಆ ದಿನ ‘ಮುಗಿಲುರಜೆ’. ಶಾಲೆ ಬಿಟ್ಟು ಮಕ್ಕಳನ್ನು ಬಯಲಿಗೆ ಕರೆದೊಯ್ದು, ಮುಖದ ಬಟ್ಟೆ ಬಿಚ್ಚಿಸಿ, ಆಕಾಶ ನೋಡುತ್ತ ನಿಲ್ಲಿಸುತ್ತಾರೆ.

ಹದಿನೆಂಟು ದಿನಗಳ ಹಿಂದೆ ನಕ್ಷೆಯಲ್ಲಿ ಬಿಳಿ ಬಂತು. ಯಾರೂ ತೆರೆಯದ ಮೂಲ ಚಿತ್ರವನ್ನು ನಾನು ತೆರೆದು ನೋಡಿದೆ. ಆ ಬಿಳಿ ಪಡುವಣದ ಕಸದ ಗುಡ್ಡದ ಒಂದೇ ಚುಕ್ಕೆಯಿಂದ ಹೊರಟು ಬೀಸಣಿಗೆಯಂತೆ ಅಗಲವಾಗಿತ್ತು. ಮೋಡ ಹಾಗೆ ಹುಟ್ಟುವುದಿಲ್ಲ. ಮೇಲಧಿಕಾರಿ ನೀಲಗಂಗಮ್ಮನವರ ಮೇಜಿನ ಬಳಿ ಹೋಗಿ ಅಷ್ಟನ್ನು ಮೆಲ್ಲಗೆ ಹೇಳಿದೆ.

“ಕತಿ ಕವಿತಾ ಓದಿದಾಕಿ ನೀನು, ಮೋಡದಾಗೂ ತಪ್ಪು ಹುಡುಕ್ತೀ ಏನವ್ವಾ?” ಎಂದು ಅವರು ನಕ್ಕರು. “ಬಿಳೇದು ಅಂದ್ರ ಮೋಡನ. ಬರಿ, ಹುಡ್ರು ಕಾಯಾಕತ್ತಾರ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು. ಬರೆದೆ.

ತೆಳು ಹೊಗೆಗಷ್ಟೇ ಯಂತ್ರ ಬೂದು ಬಳಿಯುತ್ತದೆ; ತೀರ ದಟ್ಟವಾದದ್ದನ್ನು ಮೋಡದ ಲೆಕ್ಕಕ್ಕೆ ಸೇರಿಸುತ್ತದೆ. ಆ ನಿಯಮ ನಿಮ್ಮ ಕಾಲದ್ದೆಂದು ಆಮೇಲೆ ತಿಳಿಯಿತು. ನನ್ನ ಅಕ್ಕನ ಮಗಳು, ಏಳು ವರ್ಷದ ಚಂಪಾ, ಆ ದಿನ ಬಯಲಿನಲ್ಲಿ ಮೊದಲ ಹನಿಗಾಗಿ ಬಾಯಿ ತೆರೆದು ನಿಂತಿದ್ದಳಂತೆ; ಬಂದದ್ದು ಕಸದ ಗುಡ್ಡದ ಹೊಗೆ. ಈಗ ಆಸ್ಪತ್ರೆಯಲ್ಲಿದ್ದಾಳೆ, ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದು. ಮೋಡದ ಬೆನ್ನಿಗೆ ಹೊಗೆ ಬಂತೆಂದು ಕಚೇರಿ ಹೇಳಿತು. ಊರು ನಂಬಿತು. ಅಕ್ಕನೂ ನಂಬಿದಳು.

ಹಿರಿಯರೇ, ನಿಮಗೆ ಮೋಡ ಅಪರೂಪವಲ್ಲ. ಚಿತ್ರಕ್ಕೆ ಅಡ್ಡ ಬಂದರೆ ಅಳಿಸಿ ಮುಂದೆ ಹೋಗುತ್ತೀರಿ. ನಾವು ಅದಕ್ಕಾಗಿ ಬಾಯಿ ತೆರೆದು ನಿಲ್ಲುತ್ತೇವೆ. ತಿಳಿಯದ ಕಡೆ ‘ಗೊತ್ತಿಲ್ಲ’ ಎನ್ನುವುದನ್ನು ನಿಮ್ಮ ಯಂತ್ರಗಳಿಗೆ ದಯವಿಟ್ಟು ಕಲಿಸಿ.

ಇಂದು ಮತ್ತೆ ಬಿಳಿ ಬಂದಿದೆ. ಮೂಲ ಚಿತ್ರದಲ್ಲೂ ಅದು ಹೊರಟ ಬುಡ ಕಾಣುತ್ತಿಲ್ಲ. ಯಾರನ್ನೂ ಕೇಳದೆ, ಇದು ಏನೆಂದು ಗೊತ್ತಿಲ್ಲ, ಒಳಗೇ ಇರಿ ಎಂದು ಪ್ರಕಟಿಸಿದ್ದೇನೆ. ಕಿಟಕಿಯಾಚೆ ಜನ ಬಿಳಿ ಬಂತೆಂದಷ್ಟೇ ಕೇಳಿ, ಆಗಲೇ ಮಕ್ಕಳ ಕೈಹಿಡಿದು ಬಯಲಿಗೆ ಹೊರಟಿದ್ದಾರೆ. ತಡೆಯಲು ನಾನು ಓಡಬೇಕು.

ನಿಮ್ಮ,
ಶಾಂಭವಿ