ಕಾಲೂರಬಾರದೆಂದಿದ್ದ ಮೂರು ತಿಂಗಳು

ಅಪ್ಪಾ,

ಇವತ್ತು ಮತ್ತೆ ನನ್ನ ಕಾಲು ಕೊಯ್ದರು. ಮುರಿದು ವರ್ಷವಾದರೂ ಮೊಣಕಾಲ ಕೆಳಗಿನ ಮೂಳೆ ಕೂಡಲೇ ಇಲ್ಲ. ಅದಕ್ಕೆ ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿ ತುಂಬಿದರು. ಹೊಟ್ಟೆಯಿಂದ ಕೆಳಗೆ ಮರಗಟ್ಟಿತ್ತು, ಆದರೆ ಎಚ್ಚರವಾಗಿದ್ದೆ. ಉಳಿಯ ಒಂದೊಂದು ಏಟೂ ಹಲ್ಲಿನವರೆಗೆ ಬರುತ್ತಿತ್ತು. ನೀವಿದ್ದಿದ್ದರೆ, "ಬಡಗಿ ಮಗನಾಗಿ ಉಳಿ ಸದ್ದಿಗೆ ಹೆದರ್ತೀಯೇನೋ?" ಅಂತ ನಗುತ್ತಿದ್ದಿರಿ.

ಪರದೆಯ ಆಚೆಯಿಂದ ಡಾಕ್ಟರು ಕೇಳಿದರು: "ನಿಜ ಹೇಳಪ್ಪಾ. ಮೂರು ತಿಂಗಳು ಕಾಲೂರಬೇಡ ಅಂದಿದ್ದೆ. ಊರಿದ್ಯಾ?"

"ಇಲ್ಲ ಸಾರ್."

ಏಟು ನಿಂತಿತು. "ಈ ಸಲವೂ ಊರಿದ್ರೆ ಇದೂ ಕೂಡಲ್ಲ. ಮತ್ತೆ ತೆಗೆಯೋಕೆ ಸೊಂಟದಲ್ಲೂ ಏನೂ ಉಳಿದಿರಲ್ಲ."

 ಆಗ ಹಾಸಿಗೆ ಹಿಡಿದಿದ್ದ ನಿಮ್ಮನ್ನು ದಿನಾ ಎತ್ತಿಕೊಂಡು ಬಚ್ಚಲಿಗೆ ಕರೆದೊಯ್ಯುತ್ತಿದ್ದೆ ಅಂತ ಹೇಳಬಹುದಿತ್ತು. "ಬೇಡ ಕಣೋ, ಕಾಲು ಹಾಳಾಗುತ್ತೆ" ಅಂತ ನೀವು ಬೈದರೂ ಕೇಳಲಿಲ್ಲ ಅಂತಲೂ ಹೇಳಬಹುದಿತ್ತು. ಆದರೆ ಅಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ನೀವು ಹೋದ ದಿನ ಬೆಳಿಗ್ಗೆ ನನ್ನನ್ನು ಎರಡು ಸಲ ಕರೆದಿರಿ. ಅವತ್ತೊಂದು ದಿನ ಮಾತ್ರ ನಾನು ಡಾಕ್ಟರ ಮಾತು ಕೇಳಿ, ಪಕ್ಕದ ಕೋಣೆಯಲ್ಲಿ ಕಾಲು ಚಾಚಿಕೊಂಡು ಮಲಗಿದ್ದೆ.